ಕೊರಳ ಗುರುತು, ಎದೆಯ ಗಾಯ: ಕತ್ತು ಹಿಸುಕುವಿಕೆಯ ಚರಿತ್ರೆಯಲ್ಲಿ ಹೃದಯ

ಕನ್ನಡದಲ್ಲಿ 'ಕೊರಳು' ಎಂಬುದು ಕತ್ತೂ ಹೌದು, ದನಿಯೂ ಹೌದು. 'ಉಸಿರು' ಎಂಬುದು ಪ್ರಾಣವಾಯುವಿನ ಹೆಸರು. ಅದೇ ಶಬ್ದ 'ಉಸುರು' ಎಂಬ ರೂಪದಲ್ಲಿ ಮಾತನಾಡುವ ಕ್ರಿಯೆಯೂ ಆಗುತ್ತದೆ. 'ಎದೆ' ಎಂಬ ಪದವಂತೂ ಹೊರಗಿನ ಎಲುಬಿನ ಗೂಡನ್ನೂ, ಒಳಗೆ ಬಡಿಯುವ ಹೃದಯವನ್ನೂ, ಧೈರ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎದೆಗಾರಿಕೆ, ಎದೆಗುಂದು, ಎದೆ ಒಡೆ, ಎದೆ ಝಲ್ಲೆನ್ನು ಮುಂತಾದ ನುಡಿಗಟ್ಟುಗಳನ್ನು ಜಾನಪದ ವಿದ್ವಾಂಸರು ಬಹುಕಾಲದಿಂದ ಸಂಗ್ರಹಿಸುತ್ತ ಬಂದಿದ್ದಾರೆ. ದುಃಖವಾದಾಗ 'ಕೊರಳ ಸೆರೆ ಬಿಗಿಯಿತು' ಎನ್ನುವ ಮಾತಿನಲ್ಲಿ ಕತ್ತಿನ ರಕ್ತನಾಳ, ಮಾತು ಮತ್ತು ಭಾವ ಈ ಮೂರೂ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಆದರೆ ಕತ್ತು ಹಿಸುಕುವ ಹಿಂಸೆಯ ಬಗ್ಗೆ ಶಾಸ್ತ್ರ, ಕಾನೂನು ಮತ್ತು ಕಥನಗಳು ಬರೆದಿಟ್ಟ ಚರಿತ್ರೆಯನ್ನು ನೋಡಿದರೆ, ಜನಭಾಷೆ ಕಟ್ಟಿದ ಈ ಗಂಟು ಅಲ್ಲಿ ಬಿಚ್ಚಿಹೋಗಿರುವುದು ಕಂಡುಬರುತ್ತದೆ. ಅಲ್ಲಿ ಕೊರಳ ಮೇಲಿನ ಗುರುತಿಗೆ ಸಾಕ್ಷಿಯ ಸ್ಥಾನ ದೊರೆತಿದೆ, ಎದೆಗೆ ದೊರೆತಿಲ್ಲ. ಸತ್ತವರ ದೇಹದ ಪರೀಕ್ಷೆಯಾಗಿದೆ. ಉಳಿದವರನ್ನು 'ಉಳಿದರು' ಎಂದಷ್ಟೇ ಬರೆದು ಬಿಡಲಾಗಿದೆ. ಕತ್ತಿಗೆ ಬಿದ್ದ ಒತ್ತಡ ಸಡಿಲಿದ ಮೇಲೆ ಹೃದಯದಲ್ಲಿ ತಲೆದೋರಬಹುದಾದ ದೌರ್ಬಲ್ಯವನ್ನು ಗುರುತಿಸುವುದಕ್ಕೆ ಇಷ್ಟೊಂದು ಕಾಲ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಲೇಖಕ ವೈದ್ಯನಲ್ಲ, ಪಠ್ಯಗಳನ್ನೂ ಪದಗಳನ್ನೂ ಓದುವುದು ಆತನ ಕಸುಬು. ಆ ಮಿತಿಯೊಳಗೇ ಈ ಚರ್ಚೆ ನಡೆದಿದೆ.

ಮೊದಲು ಪುರಾಣವನ್ನು ನೋಡಬಹುದು. ನಮ್ಮ ಕಥನ ಪರಂಪರೆಯಲ್ಲಿ ಸಾವಿನ ಆಯುಧ ಕತ್ತಿಯಲ್ಲ, ಪಾಶ. ಮಾರ್ಕಂಡೇಯನ ಕಥೆಯಲ್ಲಿ ಯಮನ ಹಗ್ಗ ಬಾಲಕನ ಜೊತೆಗೆ ಅವನು ತಬ್ಬಿ ನಿಂತ ಲಿಂಗವನ್ನೂ ಸುತ್ತುತ್ತದೆ. ಮಹಾಭಾರತದ ವನಪರ್ವದಲ್ಲಿ ಬರುವ ಸಾವಿತ್ರಿಯ ಉಪಾಖ್ಯಾನದಲ್ಲಿ ಯಮನು ಸತ್ಯವಾನನ ದೇಹದಿಂದ ಹೆಬ್ಬೆರಳ ಗಾತ್ರದ ಪುರುಷನನ್ನು ಪಾಶದಿಂದ ಬಿಗಿದು ಎಳೆದುಕೊಳ್ಳುತ್ತಾನೆ. ಈ ಹೆಬ್ಬೆರಳ ಗಾತ್ರದವನ ನೆಲೆ ಯಾವುದೆಂಬುದನ್ನು ಕಠೋಪನಿಷತ್ತು ಹೇಳುತ್ತದೆ: ಅವನಿರುವುದು ಹೃದಯದಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದಿದರೆ, ಬಿಗಿಯುವುದು ಪಾಶವಾದರೂ ಬರಿದಾಗುವುದು ಎದೆ ಎಂಬ ಗ್ರಹಿಕೆ ಈ ಪರಂಪರೆಯಲ್ಲಿ ಎಲ್ಲೋ ಇತ್ತು ಎನ್ನಬಹುದು. ಇದನ್ನು ವೈದ್ಯಕೀಯ ಜ್ಞಾನವೆಂದು ಕರೆಯುವ ಆತುರ ಬೇಡ. 'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎನ್ನುವ ವಾದಕ್ಕೆ ಇಂಥ ಹೋಲಿಕೆಗಳು ಅನಗತ್ಯವಾಗಿ ಬಳಕೆಯಾಗಿವೆ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಪಾಶ ಬಿಚ್ಚಿದ ಮೇಲೆ ಸತ್ಯವಾನನು ನಿದ್ದೆಯಿಂದ ಎದ್ದವನಂತೆ ಏಳುತ್ತಾನೆ, ಹೆಂಡತಿಯೊಡನೆ ಕಾಡಿನ ದಾರಿ ಹಿಡಿದು ಮನೆಗೆ ಮರಳುತ್ತಾನೆ. ಕಥೆಗೆ ಮರಳಿ ಬಂದ ಜೀವ ಇಡಿಯಾಗಿ ಬಂದ ಜೀವವೇ. ಇಡಿಯಾಗಿ ಬಾರದ ಜೀವದ ಕಥೆಯನ್ನು ಪುರಾಣ ಹೇಳುವುದಿಲ್ಲ.

ಪುರಾಣದಿಂದ ಶಾಸ್ತ್ರಕ್ಕೆ ಬಂದರೆ, ಮೊದಲು ಎದುರಾಗುವ ಗ್ರಂಥಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತನೆ ಸತ್ತವರ ದೇಹಪರೀಕ್ಷೆಗೆ ಮೀಸಲಾದ ಒಂದು ಅಧ್ಯಾಯವಿದೆ. ಶವಕ್ಕೆ ಎಣ್ಣೆ ಲೇಪಿಸಿ ಪರೀಕ್ಷಿಸಬೇಕೆಂಬ ವಿಧಾನದಿಂದ ಆರಂಭಿಸಿ, ಉಸಿರು ಕಟ್ಟಿಸಿ ಕೊಂದವರ ದೇಹದಲ್ಲಿ ಕಾಣುವ ಲಕ್ಷಣಗಳನ್ನು ಅಲ್ಲಿ ಹೇಳಲಾಗಿದೆ. ಊದಿದ ಕೈಕಾಲು, ತೆರೆದ ಕಣ್ಣು ಮುಂತಾದವುಗಳ ಜೊತೆಗೆ ಕೊರಳ ಮೇಲಿನ ಗುರುತೂ ಈ ಪಟ್ಟಿಯಲ್ಲಿದೆ. ಅದೇ ಅಧ್ಯಾಯದಲ್ಲಿ ಹೃದಯದ ಪ್ರಸ್ತಾಪವೂ ಬರುತ್ತದೆ, ಆದರೆ ವಿಷಪ್ರಾಶನದ ಸಂದರ್ಭದಲ್ಲಿ. ಹೃದಯಭಾಗದಿಂದ ತೆಗೆದದ್ದನ್ನು ಬೆಂಕಿಗೆ ಹಾಕಿದಾಗ ಅದು ಚಿಟಿಚಿಟಿ ಸದ್ದು ಮಾಡಿ ಕಾಮನಬಿಲ್ಲಿನ ಬಣ್ಣ ತಳೆದರೆ, ಅಥವಾ ಸುಟ್ಟ ದೇಹದಲ್ಲಿ ಹೃದಯ ಸುಡದೆ ಉಳಿದರೆ, ಅದು ವಿಷದ ಸಾವೆಂದು ತಿಳಿಯಬೇಕು ಎಂಬುದು ಗ್ರಂಥಕಾರನ ಅಭಿಪ್ರಾಯ. ಹೀಗೆ ಒಂದೇ ಅಧ್ಯಾಯದೊಳಗೆ ಹಿಸುಕಿದ್ದಕ್ಕೆ ಕೊರಳು ಸಾಕ್ಷಿಯಾಗಿ, ವಿಷಕ್ಕೆ ಎದೆ ಸಾಕ್ಷಿಯಾಗಿ ಕೆಲಸ ಹಂಚಿಹೋಗಿದೆ. ಅಪರಾಧ ಪರೀಕ್ಷೆಯ ಚಿಂತನೆಯಲ್ಲಿ ಈ ಹಂಚಿಕೆ ಬಹುಕಾಲ ಬಾಳಿತು.

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕಿಂತ ಭಿನ್ನವಾದ ನೋಟವಿದೆ. ಅಲ್ಲಿ ಎಣಿಸಿರುವ 107 ಮರ್ಮಗಳಲ್ಲಿ 19 ಕೂಡಲೇ ಪ್ರಾಣಹರಣ ಮಾಡುವಂಥವು. ಕೊರಳಿನ ಎರಡೂ ಬದಿಯ 'ಮಾತೃಕಾ' ಎಂಬ ಎಂಟು ಸಿರೆಗಳೂ ಹೃದಯವೂ ಈ ಹತ್ತೊಂಬತ್ತರಲ್ಲಿ ಸೇರಿವೆ. ಕತ್ತಿನ ನಾಳಗಳನ್ನೂ ಹೃದಯವನ್ನೂ ಒಂದೇ ವರ್ಗದಲ್ಲಿಟ್ಟದ್ದು ಗಮನಾರ್ಹ. ಆದರೂ ಆ ವರ್ಗೀಕರಣ ಕೂಡಲೇ ಬರುವ ಸಾವಿನ ಕುರಿತಾದದ್ದು. ತಡವಾಗಿ ಬರುವ ತೊಂದರೆಗೆ ಅದರಲ್ಲಿ ಎಡೆಯಿಲ್ಲ.

ಸತ್ತವರಿಂದ ಉಳಿದವರ ಕಡೆಗೆ ದೃಷ್ಟಿ ತಿರುಗಿಸಿದ ಅತಿ ಹಳೆಯ ಆಕರಗಳಲ್ಲಿ ಒಂದು ಚೀನಾದ್ದು. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್‌ನ ಹೆಸರಿನಲ್ಲಿರುವ 'ಜಿನ್ ಕ್ವೆಯ್ ಯಾವ್ ಲ್ಯೂ' ಎಂಬ ವೈದ್ಯಗ್ರಂಥದಲ್ಲಿ ಕೊರಳಿಗೆ ಕುಣಿಕೆ ಬಿದ್ದವರನ್ನು ಬದುಕಿಸುವ ಕ್ರಮವಿದೆ. ದೇಹ ತಣ್ಣಗಾಗಿದ್ದರೂ ಕೈಬಿಡಬಾರದು, ಎದೆಯ ಕೆಳಭಾಗದಲ್ಲಿ ಸ್ವಲ್ಪ ಬಿಸಿ ಉಳಿದಿದ್ದರೆ ಬದುಕುವ ಸಾಧ್ಯತೆಯಿದೆ ಎಂದು ಹೇಳಿ, ಒಬ್ಬಾತ ಎದೆಯ ಮೇಲೆ ಕೈಯಿಟ್ಟು ಮತ್ತೆ ಮತ್ತೆ ಒತ್ತಬೇಕೆಂದು ಅದು ತಿಳಿಸುತ್ತದೆ. ಕೊರಳ ಗುರುತನ್ನು ನೋಡುತ್ತ ಕೂರದೆ ಎದೆಯ ಮೇಲೆ ಕೈಯಿಟ್ಟ ಪಠ್ಯವಿದು. ಅಮೆರಿಕದಲ್ಲಿ ಕೌವೆನ್‌ಹೋವನ್, ಜೂಡ್ ಮತ್ತು ನಿಕ್ಕರ್‌ಬಾಕರ್ ಅವರು ಎದೆಯನ್ನು ಹೊರಗಿನಿಂದ ಒತ್ತಿ ಹೃದಯವನ್ನು ನಡೆಸುವ ವಿಧಾನವನ್ನು ಪ್ರಕಟಿಸಿದ್ದು 1960ರಲ್ಲಿ. ಎರಡರ ಹಿಂದಿನ ತಿಳಿವಳಿಕೆ ಒಂದೇ ಅಲ್ಲ, ಕೈಯ ಚಲನೆ ಮಾತ್ರ ಹೆಚ್ಚುಕಡಿಮೆ ಒಂದೇ.

ಉಳಿದವರ ಬಗ್ಗೆ ವಿವರವಾದ ಟಿಪ್ಪಣಿ ದೊರೆಯುವ ಇನ್ನೊಂದು ಪ್ರಸಂಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನದು. 1650ರ ಡಿಸೆಂಬರಿನಲ್ಲಿ ಶಿಶುಹತ್ಯೆಯ ಆರೋಪದ ಮೇಲೆ ಗಲ್ಲಿಗೇರಿದ ಆನ್ ಗ್ರೀನ್ ಎಂಬ ಮನೆಗೆಲಸದ ಹೆಣ್ಣುಮಗಳ ದೇಹವನ್ನು ಅಂಗಚ್ಛೇದನದ ಪಾಠಕ್ಕಾಗಿ ವಿಲಿಯಂ ಪೆಟ್ಟಿಯವರಿದ್ದಲ್ಲಿಗೆ ತಂದಾಗ ಆಕೆ ಉಸಿರಾಡುತ್ತಿರುವುದು ತಿಳಿಯಿತು. ಪೆಟ್ಟಿ ಮತ್ತು ಥಾಮಸ್ ವಿಲ್ಲಿಸ್ ಚಾಕು ಕೆಳಗಿಟ್ಟು ಆಕೆಯ ಶುಶ್ರೂಷೆಗೆ ತೊಡಗಿದರು. ಬಿಸಿ ಪಾನೀಯ ಕೊಟ್ಟರು, ಕೈಕಾಲು ತಿಕ್ಕಿದರು, ಅಂದಿನ ರೂಢಿಯಂತೆ ರಕ್ತ ತೆಗೆದರು, ಬೆಚ್ಚಗಿರಲೆಂದು ಹಾಸಿಗೆಯಲ್ಲಿ ಮತ್ತೊಬ್ಬ ಹೆಂಗಸನ್ನು ಜೊತೆಗೆ ಮಲಗಿಸಿದರು. ಹನ್ನೆರಡು ಗಂಟೆಗಳಾದ ಮೇಲೆ ಆಕೆ ಒಂದೆರಡು ಮಾತನಾಡಿದಳು, ತಿಂಗಳೊಳಗೆ ಚೇತರಿಸಿಕೊಂಡಳು. ಆಕೆಗೆ ಕ್ಷಮಾದಾನ ಸಿಕ್ಕಿತು, ಮುಂದೆ ಮದುವೆಯಾಗಿ ಮಕ್ಕಳೂ ಆದರು. 1651ರಲ್ಲಿ ಪ್ರಕಟವಾದ ಕರಪತ್ರ ಈ ಘಟನೆಯನ್ನು ಆಕೆಯ ನಿರಪರಾಧಿತ್ವಕ್ಕೆ ದೇವರೇ ನುಡಿದ ಸಾಕ್ಷಿಯೆಂದು ಕೊಂಡಾಡಿತು. ಇಲ್ಲಿಯೂ ಸಾವಿತ್ರಿಯ ಕಥೆಯ ಮಾದರಿಯೇ ಕಾಣುತ್ತದೆ. ಮರಳಿ ಬಂದದ್ದೇ ಕಥೆಯ ಕೊನೆ. ಇಂಥ ವೃತ್ತಾಂತಗಳನ್ನು ಜಾನಪದ ಅಧ್ಯಯನದಲ್ಲಿ ಪವಾಡ ಕಥನಗಳ ವರ್ಗಕ್ಕೆ ಸೇರಿಸುವುದು ವಾಡಿಕೆ. ಆ ಕಥನದ ಚೌಕಟ್ಟಿನಲ್ಲಿ ರೋಗಿಗೆ ಜಾಗವಿರುವುದಿಲ್ಲ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಭಾರತದಲ್ಲಿ ಕತ್ತು ಹಿಸುಕುವಿಕೆಯ ಚರಿತ್ರೆಯೆಂದರೆ ಬಹುಮಂದಿಗೆ ಥಗ್ಗರ ಚರಿತ್ರೆ. ಅದರ ಆರಂಭದ ಲಿಖಿತ ದಾಖಲೆಗಳು ಕನ್ನಡ ನಾಡನ್ನೂ ಒಳಗೊಂಡಿವೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಕೆಲಕಾಲದಲ್ಲೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಜನರನ್ನು ಈ ಆರೋಪದ ಮೇಲೆ ಹಿಡಿಯಲಾಯಿತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ 'ಫಾಂಸಿಗಾರ'ರ ಬಗ್ಗೆ ಒಂದು ಲೇಖನ ಬರೆದರು. ಅದು 1820ರಲ್ಲಿ 'ಏಷಿಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಮರುಮುದ್ರಣಗೊಂಡಿತು. ದಕ್ಷಿಣದ ಭಾಷೆಗಳಲ್ಲಿ ಇವರನ್ನು ಏನೆಂದು ಕರೆಯುತ್ತಾರೆಂದು ಹೇಳುವಾಗ ಅವರು ಕೊಡುವ ಕನ್ನಡದ ಹೆಸರು 'ತಂತಿ ಕಳ್ಳರು'. ಉತ್ತರದ 'ಠಗ್' ಎಂಬ ಹೆಸರಿಗೆ ನಮ್ಮ 'ಠಕ್ಕ' ಎಂಬ ಮಾತಿನೊಡನೆ ನಂಟಿದೆ; ಅದು ಮೋಸವನ್ನು ಮುಂದಿಡುತ್ತದೆ. ಫಾಂಸಿ ಎಂಬುದು ಪಾಶದಿಂದ ಬಂದದ್ದು. ಕನ್ನಡದ ಹೆಸರು ಮೋಸವನ್ನೂ ಬಿಟ್ಟು, ಪಾಶದ ಪೌರಾಣಿಕ ಭಾರವನ್ನೂ ಬಿಟ್ಟು, ಕೈಯಲ್ಲಿದ್ದ ಸಾಧನವನ್ನಷ್ಟೇ ಹೇಳುತ್ತದೆ: ಕರುಳಿನ ಇಲ್ಲವೆ ಲೋಹದ ಎಳೆ. ದಾರಿ ನಡೆಯುವವರು ತಮ್ಮ ಭಯಕ್ಕೆ ಕೊಟ್ಟುಕೊಂಡ ಹೆಸರು ಇದು ಎಂದು ನನ್ನ ಊಹೆ. ಅಧಿಕಾರಿಗಳ ಕಡತದಿಂದ ಹುಟ್ಟಿದ ಹೆಸರುಗಳಿಗೆ ಈ ಬಗೆಯ ನಿಖರತೆ ಇರುವುದು ಕಡಿಮೆ.

ಶೆರ್‌ವುಡ್ ವೈದ್ಯರಾಗಿದ್ದರೂ ಅವರ ಲೇಖನದ ಗಮನವೆಲ್ಲ ಆ ಗುಂಪುಗಳ ಆಚಾರ, ಶಕುನ, ಸಂಕೇತ ಭಾಷೆಗಳ ಕಡೆಗಿದೆ. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ನಡೆಸಿದ ಕಾರ್ಯಾಚರಣೆ, ಅದಕ್ಕೆ ಬಲ ನೀಡಿದ 1836ರ ಶಾಸನ, ಅದೇ ವರ್ಷ ಸ್ಲೀಮನ್ ಪ್ರಕಟಿಸಿದ ಥಗ್ಗರ ಪದಕೋಶ ಮತ್ತು 1839ರಲ್ಲಿ ಬಂದ ಮೆಡೋಸ್ ಟೇಲರನ ಕಾದಂಬರಿ ಇವೆಲ್ಲ ಈ ಕಥನವನ್ನು ಜಗತ್ಪ್ರಸಿದ್ಧಗೊಳಿಸಿದವು. ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು ನಮ್ಮವನೇ ಆದ ಟೇಲರ್ ಈತನೇ. ಈ ಇಡೀ ಸಾಮಗ್ರಿಯನ್ನು ವಸಾಹತುಶಾಹಿಯ ಕಟ್ಟುಕಥೆಯೆಂದು ಕೆಲವರೂ, ಅತಿರಂಜಿತವಾದರೂ ಬುಡವಿರುವ ದಾಖಲೆಯೆಂದು ಕೆಲವರೂ ವಾದಿಸಿದ್ದಾರೆ. ರಾಧಿಕಾ ಸಿಂಘಾ ಹಾಗೂ ಕಿಮ್ ವ್ಯಾಗ್ನರ್ ಅವರ ಅಧ್ಯಯನಗಳ ನಂತರ ಈ ಚರ್ಚೆ ಹೆಚ್ಚು ಸಮಚಿತ್ತದಿಂದ ನಡೆಯುತ್ತಿದೆ. ನಮಗೆ ಮುಖ್ಯವಾದ ಸಂಗತಿಯೆಂದರೆ, ಮೊಕದ್ದಮೆಗಳು ನಿಂತದ್ದು ಮಾಫಿ ಸಾಕ್ಷಿಗಳ ಹೇಳಿಕೆ ಮತ್ತು ಅಗೆದು ತೆಗೆದ ಶವ ಎಂಬ ಎರಡು ಆಧಾರಗಳ ಮೇಲೆ. ಹಿಸುಕಿದವನ ನೆನಪು, ಹಿಸುಕಿಸಿಕೊಂಡವನ ಎಲುಬು. ಇವೆರಡರ ನಡುವೆ, ಕೊರಳಿಗೆ ಬಿದ್ದ ಬಟ್ಟೆಯಿಂದ ತಪ್ಪಿಸಿಕೊಂಡು ಊರು ಸೇರಿದವನ ದೇಹಕ್ಕೆ ಈ ಕಡತಗಳಲ್ಲಿ ಸ್ಥಾನವಿಲ್ಲ. ಗಲ್ಲಿಗೇರಿದ ಏಳು ಮಂದಿ ಥಗ್ಗರ ತಲೆಬುರುಡೆಗಳನ್ನು ಹೆನ್ರಿ ಸ್ಪ್ರೈ ಎಂಬ ವೈದ್ಯ ಸಾಗರದಿಂದ ಎಡಿನ್‌ಬರೋದ ಕಪಾಲಶಾಸ್ತ್ರ ಸಂಘಕ್ಕೆ ಕಳುಹಿಸಿದ. ಕೊಲೆಗಾರನ ತಲೆಯ ಉಬ್ಬುತಗ್ಗುಗಳಲ್ಲಿ ಅಪರಾಧದ ಮೂಲ ಹುಡುಕಿದ ಆ ಕಾಲದ ವಿಜ್ಞಾನಕ್ಕೆ ಬದುಕಿ ಉಳಿದವನ ನಾಡಿ ಹಿಡಿದು ನೋಡುವ ಕುತೂಹಲ ಬರಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ನಾರ್ಮನ್ ಚೆವರ್ಸ್ ಅವರ ಪ್ರಸಂಗ. 1856ರಲ್ಲಿ ಬಂಗಾಳ ಮತ್ತು ವಾಯವ್ಯ ಪ್ರಾಂತಗಳಿಗಾಗಿ ಅವರು ಬರೆದ ನ್ಯಾಯವೈದ್ಯಕ ಕೈಪಿಡಿ ಮುಂದೆ ಇಡೀ ಭಾರತಕ್ಕೆ ವಿಸ್ತರಿಸಿ 1870ರಲ್ಲಿ ಮತ್ತೆ ಬಂದಿತು. ಈ ದೇಶದ ನ್ಯಾಯವೈದ್ಯಕಕ್ಕೆ ಅದು ಮೂಲಗ್ರಂಥವಾಯಿತು. ಕತ್ತು ಹಿಸುಕಿದ ಪ್ರಕರಣಗಳನ್ನು ಅಲ್ಲಿ ವಿವರವಾಗಿ ಚರ್ಚಿಸಲಾಗಿದೆ. ಅದೇ ಚೆವರ್ಸ್ ಭಾರತಕ್ಕೆ ಬರುವ ಮೊದಲು, 1842ರಲ್ಲಿ, ಲಂಡನ್ನಿನ ಗೈ ಆಸ್ಪತ್ರೆಯ ವರದಿಗಳಲ್ಲಿ ಹೃದಯದ ರೋಗಗಳ ಬಗ್ಗೆ ಬರೆದಿದ್ದರು. ಹೃದಯವನ್ನು ಸುತ್ತಿದ ಪೊರೆ ಗಟ್ಟಿಯಾಗಿ ಹೃದಯವನ್ನೇ ಅದುಮುವ ರೋಗದ ಆರಂಭಿಕ ವಿವರಣೆಗಳಲ್ಲಿ ಒಂದು ಅವರದೇ. ಹೃದಯ ಬಿಗಿತದ ವಿಚಾರವನ್ನೂ ಕೊರಳ ಬಿಗಿತದ ವಿಚಾರವನ್ನೂ ಒಬ್ಬನೇ ವಿದ್ವಾಂಸ ಬರೆದಿದ್ದರೂ ಎರಡೂ ಒಂದೇ ಪುಟದಲ್ಲಿ ಸಂಧಿಸಲಿಲ್ಲ. ಫ್ರಾನ್ಸಿನಲ್ಲಿ ಆಂಬ್ರಾಜ್ ತಾರ್ದ್ಯೂ 1855ರಲ್ಲಿ ಉಸಿರುಗಟ್ಟಿ ಸತ್ತವರ ಶ್ವಾಸಕೋಶ ಮತ್ತು ಹೃದಯದ ಮೇಲ್ಮೈಯಲ್ಲಿ ಕಾಣುವ ಸಣ್ಣ ರಕ್ತದ ಚುಕ್ಕೆಗಳನ್ನು ವಿವರಿಸಿದಾಗ ಹೃದಯಕ್ಕೂ ಸಾಕ್ಷಿಯ ಸ್ಥಾನ ಸಿಕ್ಕಂತಾಯಿತು. ಆದರೆ ಅದು ಕೂಡ ಸತ್ತ ಹೃದಯ. ಆ ಚುಕ್ಕೆಗಳು ಬೇರೆ ಸಾವುಗಳಲ್ಲೂ ಕಾಣುತ್ತವೆಂದು ತಿಳಿದ ಮೇಲೆ ಆ ಸಾಕ್ಷಿಯ ಬೆಲೆಯೂ ಇಳಿಯಿತು.

ಜೀವಂತ ದೇಹದಲ್ಲಿ ಕತ್ತಿಗೂ ಹೃದಯಕ್ಕೂ ಇರುವ ಸಂಬಂಧವನ್ನು ಕಂಡುಕೊಂಡವರು ಅಪರಾಧ ಪರೀಕ್ಷಕರಲ್ಲ, ಶರೀರಕ್ರಿಯಾ ಶಾಸ್ತ್ರಜ್ಞರು. ಕತ್ತಿನ ದೊಡ್ಡ ಧಮನಿಗೆ 'ಕೆರೋಟಿಡ್' ಎಂಬ ಹೆಸರು ಬಂದದ್ದೇ ಮಂಪರು ಎಂಬರ್ಥದ ಗ್ರೀಕ್ ಪದದಿಂದ. ಬಾತ್ ನಗರದ ಕೇಲೆಬ್ ಪ್ಯಾರಿ ಎಂಬ ವೈದ್ಯ, ಆ ಧಮನಿಯ ಮೇಲೆ ಒತ್ತಡ ಬಿದ್ದಾಗ ಹೃದಯದ ಬಡಿತ ನಿಧಾನವಾಗುತ್ತದೆಂದು 1799ರಲ್ಲಿ ಬರೆದ. ಬೆಂಗಳೂರಿನ ಸುತ್ತ ತಂತಿ ಕಳ್ಳರನ್ನು ಹಿಡಿಯುವುದಕ್ಕೆ ಕಾರಣವಾದ ಯುದ್ಧದ ವರ್ಷವೂ ಅದೇ ಎಂಬುದು ಕಾಕತಾಳೀಯ. 1866ರಲ್ಲಿ ಚೆರ್ಮಾಕ್ ಎಂಬ ವಿಜ್ಞಾನಿ ಇದನ್ನು ವೇಗಸ್ ನರದ ಮೇಲಿನ ಒತ್ತಡದ ಫಲವೆಂದು ವಿವರಿಸಿದ. ನಿಜವಾದ ನೆಲೆ ಧಮನಿಯ ಕವಲಿನಲ್ಲಿರುವ ಒಂದು ಉಬ್ಬು ಎಂಬುದನ್ನು 1920ರ ದಶಕದಲ್ಲಿ ಹೆರಿಂಗ್ ತೋರಿಸಿದ. ಅದೇ ಪ್ರದೇಶ ಉಸಿರಾಟವನ್ನು ನಿಯಂತ್ರಿಸುವುದರಲ್ಲಿ ವಹಿಸುವ ಪಾತ್ರವನ್ನು ಕಂಡುಹಿಡಿದ ಬೆಲ್ಜಿಯಂನ ಕಾರ್ನೆಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಕೊರಳೆಂಬುದು ಗಾಳಿ ಹೋಗುವ ಕೊಳವೆ ಮಾತ್ರವಲ್ಲ, ಹೃದಯಕ್ಕೆ ಆಜ್ಞೆ ಹೊರಡುವ ಠಾಣೆಯೂ ಹೌದು ಎಂಬುದು ಅಷ್ಟರಲ್ಲಿ ಸ್ಥಿರಪಟ್ಟಿತ್ತು.

ಇಷ್ಟಾದರೂ ಒತ್ತಡ ಸರಿದ ಮೇಲಿನ ಹೃದಯದ ಕಥೆ ಬಾಕಿಯಿತ್ತು. ಅದಕ್ಕೆ ದಾರಿ ತೆರೆದ ಲೇಖನಗಳಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರಲಿಲ್ಲ, ಮಾನವಶಾಸ್ತ್ರದ ಪತ್ರಿಕೆಯಲ್ಲಿ ಬಂತು. ಈ ಸಂಗತಿ ನಮ್ಮ ಅಧ್ಯಯನ ಕ್ಷೇತ್ರದವರಿಗೆ ಸ್ವಲ್ಪ ಹೆಮ್ಮೆಯನ್ನೂ ಸ್ವಲ್ಪ ನಾಚಿಕೆಯನ್ನೂ ತರಬೇಕು. ಹಾರ್ವರ್ಡಿನ ಶರೀರಕ್ರಿಯಾ ಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1942ರಲ್ಲಿ 'ಅಮೆರಿಕನ್ ಆಂಥ್ರಪಾಲಜಿಸ್ಟ್' ಪತ್ರಿಕೆಯಲ್ಲಿ, ಮಾಟಕ್ಕೆ ಗುರಿಯಾದೆನೆಂಬ ಭಯದಿಂದಲೇ ಜನ ಸತ್ತ ವರದಿಗಳನ್ನು ಹಲವು ಖಂಡಗಳಿಂದ ಸಂಗ್ರಹಿಸಿ ಬರೆದರು. ತೀವ್ರವಾದ ಭಯ ದೇಹದಲ್ಲಿ ಅಡ್ರಿನಲಿನ್ ಮುಂತಾದ ರಸಗಳನ್ನು ಮಿತಿಮೀರಿ ಹರಿಸಿ ರಕ್ತಪರಿಚಲನೆಯನ್ನೇ ಕೆಡಿಸಬಹುದು ಎಂಬುದು ಅವರ ತರ್ಕ. 'ಎದೆ ಒಡೆದು ಸತ್ತ' ಎನ್ನುವ ನಮ್ಮ ಹಳ್ಳಿಯ ಮಾತು ಅಲಂಕಾರವಲ್ಲದೆ ವರದಿಯೂ ಆಗಿರಬಹುದು ಎಂಬ ಸಾಧ್ಯತೆ ಅಲ್ಲಿಂದ ಹುಟ್ಟುತ್ತದೆ. ಜಾನಪದ ವಿದ್ವಾಂಸರು ಆ ಲೇಖನವನ್ನು ಮಾಟಮಂತ್ರದ ಅಧ್ಯಾಯದಲ್ಲಿ ಉಲ್ಲೇಖಿಸಿ ಮುಂದೆ ಸಾಗಿದರು.

1980ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಸೆಬೆಲಿನ್ ಮತ್ತು ಹರ್ಷ್ ಎಂಬ ರೋಗಶಾಸ್ತ್ರಜ್ಞರು, ಹಲ್ಲೆಗೊಳಗಾಗಿ ಸತ್ತರೂ ಸಾವಿಗೆ ಕಾರಣವಾಗುವಷ್ಟು ಒಳಗಾಯ ಕಾಣದ 15 ಜನರ ಹೃದಯಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 11 ಜನರ ಹೃದಯ ಸ್ನಾಯುವಿನ ಎಳೆಗಳು ಒಂದು ವಿಶಿಷ್ಟ ರೀತಿಯಲ್ಲಿ ಹಾಳಾಗಿದ್ದವು. ಹೊಡೆತ ಹೃದಯಕ್ಕೆ ಬಿದ್ದಿರಲಿಲ್ಲ, ಭಯ ಬಿದ್ದಿತ್ತು. ಹತ್ತು ವರ್ಷಗಳ ನಂತರ, 1990ರಲ್ಲಿ, ಜಪಾನಿನ ಹಿರೋಷಿಮಾದಲ್ಲಿ ಹಿಕಾರು ಸಾಟೊ ಮತ್ತು ಅವರ ಸಹೋದ್ಯೋಗಿಗಳು ಬದುಕಿದ್ದ ರೋಗಿಗಳಲ್ಲಿ ಒಂದು ಸ್ಥಿತಿಯನ್ನು ಗುರುತಿಸಿ ಹೆಸರಿಟ್ಟರು. ತೀವ್ರ ಆಘಾತದ ನಂತರ ಹೃದಯದ ಎಡ ಕೋಣೆಯ ತುದಿ ಬಲಗುಂದಿ ಬಲೂನಿನಂತೆ ಉಬ್ಬುತ್ತದೆ, ಬುಡ ಮಾತ್ರ ಕುಗ್ಗುತ್ತದೆ. ಆಗ ಅದು ಕಾಣುವುದು ಆ ದೇಶದ ಬೆಸ್ತರು ಆಕ್ಟೋಪಸ್ ಹಿಡಿಯಲು ಕಡಲಿಗಿಳಿಸುವ, ಕಿರಿದಾದ ಕೊರಳಿನ ಮಡಕೆಯ ಹಾಗೆ. ಆ ಮಡಕೆಯ ಹೆಸರೇ 'ಟಾಕೋಟ್ಸುಬೊ', ರೋಗಕ್ಕೂ ಅದೇ ಹೆಸರು. ವಿಜ್ಞಾನದ ಹೆಸರು ಮೀನುಗಾರರ ಉಪಕರಣದಿಂದ ಬಂದದ್ದು ತಂತಿ ಕಳ್ಳರ ಹೆಸರನ್ನು ನೆನಪಿಸುತ್ತದೆ.

ಕತ್ತು ಹಿಸುಕುವಿಕೆಯಿಂದಲೋ ಕೊರಳಿಗೆ ಬಿದ್ದ ಬಿಗಿತದಿಂದಲೋ ಪಾರಾಗಿ ಆಸ್ಪತ್ರೆ ಸೇರಿದವರಲ್ಲಿ ಈ ಮಾದರಿಯ ಹೃದಯ ದೌರ್ಬಲ್ಯ ಕಂಡ ಪ್ರಕರಣ ವರದಿಗಳು ಮುಂದಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅವುಗಳಿಂದ ತಿಳಿಯುವ ಚಿತ್ರ ಹೀಗಿದೆ. ಉಸಿರು ನಿಂತ ಕ್ಷಣಗಳಲ್ಲಿ ಮೆದುಳಿಗಷ್ಟೇ ಅಲ್ಲ, ಹೃದಯದ ಸ್ನಾಯುವಿಗೂ ಆಮ್ಲಜನಕದ ಕೊರತೆಯಾಗುತ್ತದೆ. ಜೊತೆಗೆ ಕ್ಯಾಟೆಕೊಲಮೈನ್ ಎಂಬ ಗುಂಪಿಗೆ ಸೇರಿದ ಒತ್ತಡದ ರಸಗಳು ಪ್ರವಾಹದಂತೆ ಹರಿದು ಸ್ನಾಯುವನ್ನು ದಿಗ್ಭ್ರಮೆಗೊಳಿಸುತ್ತವೆ. ಇ.ಸಿ.ಜಿ.ಯಲ್ಲಿ ಹೃದಯಾಘಾತದಂಥ ಬದಲಾವಣೆ ಕಾಣುತ್ತದೆ, ರಕ್ತದಲ್ಲಿ ಟ್ರೋಪೊನಿನ್ ಏರುತ್ತದೆ. ಆದರೆ ಹೃದಯದ ರಕ್ತನಾಳಗಳಲ್ಲಿ ತಡೆ ಸಿಗುವುದಿಲ್ಲ. ಬಡಿತದ ಲಯ ತಪ್ಪಬಹುದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯಲು ಹೆಣಗಾಡಿದ್ದರಿಂದ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೃದಯ ಸೋತಾಗಲೂ ಹಾಗೆಯೇ ಆಗುವುದರಿಂದ ಎರಡನ್ನೂ ಬೇರ್ಪಡಿಸಲು ಎಕೋಕಾರ್ಡಿಯೋಗ್ರಾಂ ಬೇಕಾಗುತ್ತದೆ. ಕೆರೋಟಿಡ್ ಧಮನಿಯ ಒಳಪದರ ಹರಿದಿದ್ದರೆ ದಿನಗಳು ಕಳೆದ ಮೇಲೂ ಪಾರ್ಶ್ವವಾಯು ಬಡಿಯಬಹುದು. ಸಮಾಧಾನದ ಸಂಗತಿಯೆಂದರೆ, ಟಾಕೋಟ್ಸುಬೊ ಮಾದರಿಯ ದೌರ್ಬಲ್ಯ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಆರಂಭದ ಗಂಟೆಗಳು, ದಿನಗಳು ಅಪಾಯದವು. ಹೊರಗಿನಿಂದ ನೋಡಿದವರಿಗೆ ಅವು ಚೇತರಿಕೆಯ ದಿನಗಳಂತೆಯೇ ಕಾಣುತ್ತವೆ. ಎದ್ದು ಕೂತು ನೀರು ಕುಡಿದವರನ್ನು ಯಾರು ತಾನೇ ಹೃದ್ರೋಗಿಯೆಂದು ಭಾವಿಸುತ್ತಾರೆ?

ಈ ಪ್ರಶ್ನೆ ವೈದ್ಯಕೀಯದ ಗಡಿ ದಾಟುವುದು ಇಲ್ಲಿಯೇ. ಗುರುತು ಇಲ್ಲದಿದ್ದರೆ ಗಾಯವೂ ಇಲ್ಲ ಎಂಬ ಅರ್ಥಶಾಸ್ತ್ರದ ಕಾಲದ ತರ್ಕ ಇನ್ನೂ ಠಾಣೆಯಲ್ಲೂ ಮನೆಯಲ್ಲೂ ಜೀವಂತವಾಗಿದೆ. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ, ಸಂಗಾತಿಗಳೇ ಕತ್ತು ಹಿಸುಕಿದ ಆರೋಪವಿದ್ದ 300 ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪೊಲೀಸರಿಗೆ ಕೊರಳ ಮೇಲೆ ಯಾವ ಗುರುತೂ ಕಂಡಿರಲಿಲ್ಲ. ಹೀಗೆ ಒಮ್ಮೆ ಕತ್ತು ಹಿಸುಕಿಸಿಕೊಂಡ ಹೆಣ್ಣು ಮುಂದೆ ಅದೇ ಸಂಗಾತಿಯಿಂದ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಹೆಚ್ಚು ಎಂದು ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರ 2008ರ ಅಧ್ಯಯನ ತೋರಿಸಿತು. ಕಾನೂನಿನ ನಡೆಯೂ ವಿಚಾರ ಮಾಡುವಂಥದ್ದು. 1862ರಲ್ಲಿ ಲಂಡನ್ನಿನ ಬೀದಿಯಲ್ಲಿ ಪಾರ್ಲಿಮೆಂಟ್ ಸದಸ್ಯರೊಬ್ಬರ ಕತ್ತು ಹಿಸುಕಿ ದೋಚಿದಾಗ ಎದ್ದ ಗದ್ದಲಕ್ಕೆ ಮಣಿದು, ಮರುವರ್ಷವೇ ಇಂಥ ಕಳ್ಳರಿಗೆ ಚಾಟಿಯೇಟಿನ ಶಿಕ್ಷೆ ವಿಧಿಸುವ ಕಾಯಿದೆ ಬಂತು. ಅದೇ ದೇಶದಲ್ಲಿ ಸಾವಿಗೆ ಕಾರಣವಾಗದ ಕತ್ತು ಹಿಸುಕುವಿಕೆಯನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿದ್ದು 2021ರ ಗೃಹಹಿಂಸೆ ಕಾಯಿದೆ. ಅದು ಜಾರಿಗೆ ಬಂದದ್ದು 2022ರ ಜೂನ್‌ನಲ್ಲಿ. ಬೀದಿಯ ಕೊರಳಿಗೆ ಒಂದು ವರ್ಷ, ಮನೆಯೊಳಗಿನ ಕೊರಳಿಗೆ ನೂರೈವತ್ತಕ್ಕೂ ಹೆಚ್ಚು ವರ್ಷ.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಂಥ ಪ್ರತ್ಯೇಕ ಅಪರಾಧವಿಲ್ಲ. ಕೊಲೆಯತ್ನ, ತೀವ್ರ ಗಾಯ, ಪತಿಯ ಕ್ರೌರ್ಯ ಮುಂತಾದ ಕಲಮುಗಳಡಿ ಅದನ್ನು ತರಬೇಕಾಗುತ್ತದೆ. ತೀವ್ರ ಗಾಯದ ವ್ಯಾಖ್ಯೆಯಲ್ಲಿ ಮೂಳೆ ಮುರಿತ, ಕಣ್ಣು ಕಿವಿಗಳ ನಷ್ಟ ಹೆಸರು ಹಿಡಿದು ಬಂದಿವೆ. ಹೃದಯ 'ಜೀವಕ್ಕೆ ಅಪಾಯ ತರುವ ಗಾಯ' ಎಂಬ ಸಾಮಾನ್ಯ ಮಾತಿನಲ್ಲಿ ಅಡಗಿದೆ. 2005ರ ಗೃಹಹಿಂಸೆ ತಡೆ ಕಾಯಿದೆಯ ನಿಯಮಗಳಿಗೆ ಲಗತ್ತಿಸಿದ, ನೊಂದ ಮಹಿಳೆಗೆ ಹಕ್ಕುಗಳನ್ನು ತಿಳಿಸುವ ನಮೂನೆಯಲ್ಲಿ ದೈಹಿಕ ಹಿಂಸೆಯ ಪಟ್ಟಿಯಿದೆ: ಹೊಡೆಯುವುದು, ಕೆನ್ನೆಗೆ ಬಾರಿಸುವುದು, ಕಚ್ಚುವುದು, ಒದೆಯುವುದು, ಗುದ್ದುವುದು, ತಳ್ಳುವುದು ಇತ್ಯಾದಿ. ಕತ್ತು ಹಿಸುಕುವುದು ಹೆಸರಾಗಿ ಅಲ್ಲಿಲ್ಲ. 'ಬೇರೆ ಯಾವುದೇ ರೀತಿಯಲ್ಲಿ' ಎಂಬ ಕೊನೆಯ ಮಾತಿನೊಳಗೆ ಅದನ್ನು ಓದಿಕೊಳ್ಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಅದು ಇದೆ. ಆದರೆ ಗಂಡ ಬೇಕೆಂದೇ ಉಸಿರುಗಟ್ಟಿಸಲು ಅಥವಾ ಸುಡಲು ಯತ್ನಿಸಿದನೇ ಎಂದು ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಲಾಗುತ್ತದೆ. ಉತ್ತರ ಹೌದೆಂದಾದರೆ ಅದು ಕೊರಳೋ ಬೆಂಕಿಯೋ ಎಂಬುದು ಅಂಕಿಅಂಶದಲ್ಲಿ ಉಳಿಯುವುದಿಲ್ಲ. ಪಠ್ಯಗಳನ್ನು ಓದುವವರಿಗೆ ಇಂಥ ನಮೂನೆಗಳೂ ಪಠ್ಯಗಳೇ.

ಬೇರೆಯವರ ನಮೂನೆಗಳ ಬಗ್ಗೆ ಇಷ್ಟು ಬರೆದ ಮೇಲೆ ನನ್ನದೇ ನಮೂನೆಯೊಂದನ್ನು ಇಲ್ಲಿ ಮುಂದಿಡಬೇಕು. ಡಾಕ್ಟರೇಟ್ ಪದವಿಗಾಗಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ, ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಬೀಸುವ ಪದಗಳನ್ನು ಹಾಡುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬಳ ಬಳಿ ಮೂರು ದಿನ ಕುಳಿತಿದ್ದೆ. ಪದ ಬಲ್ಲವಳೆಂದು ಆಕೆಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಆದರೆ ಒಂದು ಪದವನ್ನೂ ಆಕೆ ಕೊನೆಮುಟ್ಟಿಸಲಿಲ್ಲ. ನಾಲ್ಕು ನುಡಿ ಹಾಡಿ ನಿಲ್ಲಿಸುವಳು, ಎದೆಯ ಮೇಲೆ ಅಂಗೈಯಿಟ್ಟು ಸುಮ್ಮನೆ ಕೂರುವಳು. ಧ್ವನಿಮುದ್ರಣ ಕೆಡುತ್ತಿದೆಯೆಂಬ ಅಸಹನೆ ನನಗೆ. ಕಾರಣ ಕೇಳಿದಾಗ, ಗಂಡ ಒಂದು ರಾತ್ರಿ ಗಂಟಲು ಒತ್ತಿದ್ದನೆಂದೂ ಅಂದಿನಿಂದ ಎದೆ ತನ್ನ ಜಾಗದಲ್ಲಿಲ್ಲವೆಂದೂ ಹೇಳಿದಳು. ಮೈಮೇಲೆ ಒಂದು ಗೀರೂ ಬೀಳಲಿಲ್ಲ, ಹಾಗಾಗಿ ಯಾರೂ ನಂಬಲಿಲ್ಲ ಎಂದೂ ಸೇರಿಸಿದಳು. ಅದು ಎಷ್ಟು ಹಿಂದಿನ ಮಾತೆಂದು ನಾನು ಕೇಳಲಿಲ್ಲ. ಆಕೆಯ ಹೃದಯಕ್ಕೆ ಏನಾಗಿತ್ತೆಂದು ಹೇಳುವ ಅರ್ಹತೆ ನನಗೆ ಇಂದಿಗೂ ಇಲ್ಲ. ವರ್ಷಗಟ್ಟಲೆ ಉಳಿಯುವ ಆ ಬಡಿತ ಹೃದಯದ್ದೋ, ಭಯದ್ದೋ, ಎರಡರದೂ ಆಗಿತ್ತೋ, ಒಮ್ಮೆ ಪರೀಕ್ಷಿಸಿದ್ದರೆ ತಿಳಿಯುತ್ತಿತ್ತು.

ಆ ದಿನದ ಚೀಟಿ ಈಗಲೂ ನನ್ನ ಬಳಿಯಿದೆ. ಸಂಗ್ರಹದ ವರ್ಗೀಕರಣಕ್ಕಾಗಿ ಅಂದು ಮಾಡಿಕೊಂಡಿದ್ದ ಚೀಟಿಗಳಲ್ಲಿ ಅದು ನುಡಿಗಟ್ಟುಗಳ ಕಟ್ಟಿನಲ್ಲಿ ಸೇರಿದೆ. ಮೇಲ್ಭಾಗದಲ್ಲಿ 'ಎದೆ ಜಾಗ ಬಿಡು' ಎಂದಿದೆ. ಅದರ ಕೆಳಗೆ 'ಅರ್ಥ: ಹೆದರು'. ಅದರ ಕೆಳಗೆ 'ಹೇಳಿದವರು: ಹಾಡುಗಾರ್ತಿ, ವಯಸ್ಸು ಸುಮಾರು 50'. 'ಸಂದರ್ಭ' ಎಂಬ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.